ಶ್ರಾವಣದಲ್ಲಿ ತತ್ತಿ

“ಖುಷಿಯ ಸುದ್ದಿ ಅಜ್ಜೀ. ನಿಮ್ಮ ಹುಡುಗಿ ಇವತ್ತು ಹೊಟ್ಟೆ ತುಂಬ ತಿಂದಳು,” ಎಂದು ಸಿಸ್ಟರ್ ಎಸ್ಪೆರಾನ್ಸಾ ಹಿಂದಿಯಲ್ಲಿ ಹೇಳಿದಾಗ, ಮುರುಗೆವ್ವ ವಾರ್ಡಿನ ಬೀಗ ಹಾಕಿದ ಬಾಗಿಲಿನ ಎದುರು ನಿಂತೇ ಎರಡೂ ಕೈ ಎತ್ತಿ ಬಸವಣ್ಣನಿಗೆ ಮುಗಿದಳು. ಏನು ತಿಂದಳು ಎಂದು ಕೇಳಿದಳು. “ಬೇಯಿಸಿದ ಮೊಟ್ಟೆ, ಎರಡು,” ಎಂದಳು ಸಿಸ್ಟರ್. ಮುಗಿದ ಕೈಗಳು ಹಾಗೇ ನಿಂತುಬಿಟ್ಟವು.

ಮುರುಗೆವ್ವ ಯಾರೆಂದು ಹೇಳದಿದ್ದರೆ ಆ ಕೈಗಳ ಸಂಕಟ ತಿಳಿಯುವುದಿಲ್ಲ. ಮಡ್ಕಯಿಯ ಕಾರ್ಖಾನೆಗಳ ಗೇಟಿನ ಎದುರು ಲಿಂಗಾಯತ ಖಾನಾವಳಿ ಎಂಬ ಬೋರ್ಡು ಇದೆ. ಅದರ ಕೆಳಗೆ ಶುದ್ಧ ಶಾಖಾಹಾರಿ ಎಂದು ಹಸಿರು ಬಣ್ಣದಲ್ಲಿ ಬರೆದಿದೆ. ಗೋವಾದಲ್ಲಿ ಬೀಸುವ ಗಾಳಿಗೂ ಮೀನಿನ ವಾಸನೆ. ಆದರೆ ಆ ಬೋರ್ಡಿನ ಕೆಳಗೆ ಹೋದವನಿಗೆ ಸುಟ್ಟ ರೊಟ್ಟಿಯ, ಎಣಗಾಯಿಯ, ಶೇಂಗಾ ಹಿಂಡಿಯ ವಾಸನೆ ಬಡಿದು, ತಾನು ವಿಜಯಪುರದಲ್ಲೇ ಇದ್ದೇನೋ ಎನ್ನಿಸುತ್ತದೆ. ಗಲ್ಲಾದ ಮೇಲೆ ಮಗ ಗುರುಪಾದ, ಪಲ್ಯ-ಸಾರಿನ ಮುಂದೆ ಸೊಸೆ ಗೌರಿ, ರೊಟ್ಟಿಯ ಒಲೆಯ ಮುಂದೆ ಮುರುಗೆವ್ವ. ಹಿಂದಿನ ಎರಡು ಕೋಣೆಗಳೇ ಮನೆ. ಈ ಮನೆಗೆ ಇರುವವಳು ಒಬ್ಬಳೇ ಮಗಳು, ಸಪ್ನಾ. ಹನ್ನೆರಡನೆಯ ತರಗತಿಯ ಪರೀಕ್ಷೆ ಬರೆದು ಕೂತವಳು.

ಬೇಸಿಗೆಯಲ್ಲಿ ಅವಳ ನಿದ್ದೆ ಹೋಯಿತು. ಆಮೇಲೆ ಸಾರಿನಲ್ಲಿ ಔಷಧದ ವಾಸನೆ ಬರುತ್ತದೆ ಎಂದಳು. ಒಂದು ಮಧ್ಯಾಹ್ನ ಗಿರಾಕಿಗಳು ಕೂತಿರುವಾಗಲೇ ಸಾರಿನ ಪಾತ್ರೆ ಎತ್ತಿ ಗಟಾರಕ್ಕೆ ಸುರಿದಳು. ಯಾರೋ ಊಟಕ್ಕೆ ವಿಷ ಹಾಕಿದ್ದಾರೆ, ಯಾರೂ ತಿನ್ನಬೇಡಿ ಎಂದು ಕೂಗಿಕೊಂಡು ರಸ್ತೆಗೆ ಓಡಿ, ಕಾರ್ಖಾನೆಯ ಬಸ್ಸಿನ ಎದುರು ಕೈ ಚಾಚಿ ನಿಂತಳು. ಪಾಪ, ಅವಳ ಲೆಕ್ಕದಲ್ಲಿ ಅವಳು ಎಲ್ಲರ ಜೀವ ಉಳಿಸುತ್ತಿದ್ದಳು. ಹಿಡಿಯಲು ಹೋದ ತಂದೆಯ ಕೈಯನ್ನು ಕಚ್ಚಿದಳು. ಹಾಗಾಗಿ ಮಾನಸಿಕ ಆಸ್ಪತ್ರೆಯ, ಹರೆಯದವರ ಬೀಗದ ವಾರ್ಡು. ಅಲ್ಲಿಯೂ ಹಲವು ದಿನ ತಟ್ಟೆ ತಳ್ಳಿ ಕೂತು, ಸೂಜಿಯ ಮೇಲೆ, ಸಲಾಯಿನ್ ಮೇಲೆ ಬದುಕಿದ್ದಳು. ಮುರುಗೆವ್ವನಿಗೆ ಎಲ್ಲಕ್ಕಿಂತ ಚುಚ್ಚಿದ್ದು ಒಂದೇ ಮಾತು: ಮೊಮ್ಮಗಳು ತನ್ನ ಕೈಯ ರೊಟ್ಟಿಯನ್ನು ವಿಷ ಅಂದಳಲ್ಲ.

ಮೊಟ್ಟೆಯ ಸುದ್ದಿ ಕೇಳಿದ ಅವತ್ತು ಅತ್ತೆ-ಸೊಸೆ ಒಂದೇ ಬಸ್ಸಿನಲ್ಲಿ ಮರಳಿದರು. ಮಾತು ಮನೆಗೆ ಬಂದ ಮೇಲೆ ಶುರುವಾಯಿತು.

“ತತ್ತೀನ?” ಎಂದ ಗುರುಪಾದ.

“ಹೌದಪಾ, ತತ್ತಿ. ಲಿಂಗಾ ಕಟ್ಟಿದ ಮನಿತನದಾಕಿ, ನಿನ್ನ ಮಗಳು.”

“ಅತ್ತೀ, ಎಷ್ಟ ದಿನದ ಮ್ಯಾಲ ಬಾಯಾಗ ಏನರ ಹಾಕ್ಕೊಂಡಾಳ್ರಿ. ಕಲ್ಲ ತಿಂದ್ರೂ ನನಗ ಸಂತೋಷನ,” ಎಂದಳು ಗೌರಿ, ಬದನೆಕಾಯಿಗೆ ಮಸಾಲೆ ತುಂಬುತ್ತಾ.

“ನಿನಗೇನವಾ, ಸಂತೋಷ. ನಾಳೆ ನಮ್ಮ ಮಠದ ಅಜ್ಜಾರು ಕೇಳಿದ್ರ ನಾ ಏನ್ ಹೇಳ್ಲಿ?”

“ಅಜ್ಜಾರು ಕೇಳಾಕಂತ ಮಡ್ಕಯಿತನಕಾ ಬರ್ತಾರೇನ್ರಿ?”

“ಬಾಯಿ ಜೋರಾಗೇತಿ ನಿಂದು.”

“ಮೊದ್ಲ ಕೇಳ್ರಿ ಇಲ್ಲೆ. ಯಾಕ ತತ್ತಿ ತಿಂದ್ಲಂತ ಸಿಸ್ಟರ್ ನನಗ ಹೇಳಿದ್ಲು. ತತ್ತಿಗೆ ಸಿಪ್ಪಿ ಐತಲ್ರಿ. ಒಡೀಲಾರದ ಒಳಗ ಯಾರಿಗೂ ಏನೂ ಹಾಕಾಕ ಬರೂದಿಲ್ಲ ಅಂತಾಳಂತ. ಬಾಳಿಹಣ್ಣು ತಾನ ಸುಲದು ತಿಂತಾಳಂತ. ಗುಳಿಗೀನೂ ಅಷ್ಟ, ತನ್ನ ಕೈಲೆ ಪಟ್ಟಿ ಒಡದು ತಗದ್ರ ನುಂಗತಾಳಂತ.”

ಮುರುಗೆವ್ವ ಹಿಟ್ಟು ಜರಡಿ ಹಿಡಿಯಲು ಕೂತಳು. ಹಿಟ್ಟು ಮುಗಿಯುವ ಹೊತ್ತಿಗೆ ಮುಖದ ಗಂಟು ಸಡಿಲಾಗಿತ್ತು. ಮುದುಕಿಗೆ ಸಿಟ್ಟು ಬೇಗ, ಬುದ್ಧಿ ಅದಕ್ಕಿಂತ ಬೇಗ.

“ಗೌರಿ, ದೇವ್ರು ಬರೇ ತತ್ತಿಗಷ್ಟ ಸಿಪ್ಪಿ ಕೊಟ್ಟಾನೇನು? ಶೇಂಗಾಕ್ಕ ಕೊಟ್ಟಿಲ್ಲೇನು?”

ಮರುವಾರ ಭೇಟಿಯ ದಿನ ಚೀಲದಲ್ಲಿ ಸಿಪ್ಪೆಸಹಿತ ಕುದಿಸಿದ ಶೇಂಗಾ ಹೋಯಿತು. ಬಾಗಿಲ ಕಾವಲಿನವ ಚೀಲ ಸುರಿದು ನೋಡಿ ಒಳಗೆ ಬಿಟ್ಟ. ಸಪ್ನಾ ಸೊರಗಿ ಹೋಗಿದ್ದಳು. ಕಣ್ಣಿನಲ್ಲಿ ಗುಳಿಗೆಯ ಮಂಪರು. ಒಂದೊಂದೇ ಶೇಂಗಾವನ್ನು ಕಿಟಕಿಯ ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿ ನೋಡಿದಳು. ಸೀಳಿದ್ದನ್ನು ಬದಿಗಿಟ್ಟಳು. ಗಟ್ಟಿ ಇದ್ದದ್ದನ್ನು ಒಡೆದು ತಿಂದಳು. ಮುರುಗೆವ್ವ ಅವಳ ಕಡೆ ನೋಡದೆ ತಾನೂ ಒಡೆದು ತಿನ್ನುತ್ತಾ, ಖಾನಾವಳಿಯ ಕೆಲಸದ ರಾಮಿಬಾಯಿ ರೊಟ್ಟಿ ಹೊತ್ತಿಸಿದ್ದನ್ನೂ, ಗಿರಾಕಿ ಹೀರಪ್ಪನಿಗೆ ಬಡ್ತಿ ಸಿಕ್ಕಿದ್ದನ್ನೂ ಹೇಳಿದಳು. ಹೋಗುವಾಗ ಮೇಜಿನ ತುಂಬ ಸಿಪ್ಪೆ. ಇಬ್ಬರಲ್ಲಿ ಯಾರು ಹೆಚ್ಚು ತಿಂದರೋ ತಿಳಿಯಲಿಲ್ಲ.

ಅಲ್ಲಿಂದ ಮುದುಕಿಗೆ ಅದೇ ಧ್ಯಾಸವಾಯಿತು. ಪೇಟೆಗೆ ಹೋದರೆ ಎಲ್ಲದರ ಸಿಪ್ಪೆಯನ್ನೇ ನೋಡುವಳು. ಮೋಸಂಬಿ ಹೋಯಿತು, ಸಿಪ್ಪೆಯೊಳಗೇ ಸುಟ್ಟ ಗೋವಿನಜೋಳದ ತೆನೆ ಹೋಯಿತು. ತೆಂಗಿನಕಾಯಿ ಒಯ್ದ ದಿನ ಕಾವಲಿನವ ಎರಡೂ ಕೈ ಜೋಡಿಸಿದ: “ಅಜ್ಜೀ, ಇದನ್ನು ಯಾರಾದರೂ ಯಾರದಾದರೂ ತಲೆಗೆ ಎಸೆದರೆ ನನ್ನ ನೌಕರಿ ಹೋಗುತ್ತದೆ.” ಮಳೆ ಹಿಡಿದ ಮೇಲೆ ಒಮ್ಮೆ ಇಡೀ ಹಲಸಿನ ಹಣ್ಣನ್ನೇ ಸೊಂಟದ ಮೇಲೆ ಹೊತ್ತು, ಫೋಂಡಾದಲ್ಲಿ ಬಸ್ಸು ಬದಲಾಯಿಸಿ, ಕಂಡಕ್ಟರನ ಹತ್ತಿರ ಬೈಸಿಕೊಂಡು ಹೋದಳು. ಕೈಯಿಂದಲೇ ಬಿಡಿಸಬಹುದಾದ ಮೆತ್ತನೆಯ ಜಾತಿ ಅದು, ಚಾಕು ಬೇಡ.

ಸಿಸ್ಟರ್ ಎಸ್ಪೆರಾನ್ಸಾ ಬಾಗಿಲು ತೆಗೆಯುವಾಗಲೇ ಕೇಳಿದಳು: “ಆಯ್ಜ್ ಕಿತೆಂ ಹಾಡ್ಲಾಂ?” ಇವತ್ತೇನು ತಂದಿದ್ದೀರಿ ಎಂಬ ಆ ಕೊಂಕಣಿ ಮಾತು ಈಗ ವಾರ್ಡಿನ ಹುಡುಗಿಯರಿಗೆಲ್ಲ ಬಾಯಿಪಾಠವಾಗಿತ್ತು. ಅವತ್ತು ಎಂಟ್ಹತ್ತು ಹುಡುಗಿಯರು ಹಲಸಿನ ಸುತ್ತ ಕೂತು ಮೊಣಕೈತನಕ ಅಂಟು ಮಾಡಿಕೊಂಡರು. ಯಾವಾಗಲೂ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ ಒಬ್ಬಳು ಬೀಜವನ್ನು ಸಿಸ್ಟರಿನ ಟೋಪಿಗೆ ಗುರಿಯಿಟ್ಟು ಹೊಡೆದಳು. ಸಪ್ನಾ ನಕ್ಕಳು. ಬೇಸಿಗೆಯ ನಂತರ ಅವಳ ನಗು ಕೇಳಿದ್ದು ಅದೇ ಮೊದಲು. ಗೌರಿ ಸೆರಗು ಬಾಯಿಗೊತ್ತಿಕೊಂಡು ಹೊರಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದಳು.

ಗುಳಿಗೆ ತನ್ನ ಕೆಲಸ ಮಾಡುತ್ತಿತ್ತು, ಮುರುಗೆವ್ವ ತನ್ನ ಕೆಲಸ. ಸಪ್ನಾಳಿಗೆ ನಿದ್ದೆ ಬಂತು, ಮಾತು ಬಂತು. ಸಾರಿನ ಪಾತ್ರೆ ಚೆಲ್ಲಿದ್ದು ನೆನಪಾಗಿ ನಾಚಿಕೆಯೂ ಬಂತು. ಬಾರದೇ ಇದ್ದದ್ದು ಒಂದೇ. ಸಿಪ್ಪೆಯಿಲ್ಲದೆ ಪಾತ್ರೆಯಲ್ಲಿ ಬೆಂದದ್ದನ್ನು ಅವಳ ಕೈ ಮುಟ್ಟುತ್ತಿರಲಿಲ್ಲ.

“ಯಾರೂ ಏನೂ ಹಾಕಿಲ್ಲ ಅಂತ ಗೊತ್ತೈತಿ ಆಯಿ. ತಲಿಗೆ ಗೊತ್ತೈತಿ, ಗಂಟಲಕ್ಕ ಗೊತ್ತಿಲ್ಲ,” ಎಂದು ಅವಳೇ ಒಮ್ಮೆ ಅಜ್ಜಿಗೆ ಹೇಳಿದಳು.

ಶ್ರಾವಣ ಶುರುವಾದ ವಾರ ಡಾಕ್ಟರಮ್ಮ ಮನೆಯ ಮೂವರನ್ನೂ ಕೂರಿಸಿ ಹೇಳಿದಳು. ನಾಲ್ಕು ದಿನ ಮನೆಗೆ ಕಳಿಸುತ್ತೇನೆ. ಮನೆಯ ಅಡುಗೆಯನ್ನು ತಾನಾಗಿಯೇ ಉಂಡರೆ ಬಿಡುಗಡೆ. ಗುಳಿಗೆ ಮಾತ್ರ ನಿಲ್ಲಿಸುವ ಹಾಗಿಲ್ಲ. ಉಣ್ಣದಿದ್ದರೆ ಇನ್ನಷ್ಟು ವಾರ ಇಲ್ಲೇ, ಬೀಗದ ಒಳಗೆ. ಶೇಂಗಾ ತಿಂದುಕೊಂಡು ಇಷ್ಟು ಗುಳಿಗೆ ನುಂಗಿದರೆ ಮೈ ತಡೆಯುವುದಿಲ್ಲ. ಒತ್ತಾಯ ಮಾಡಬಾರದು. ಹರಿತವಾದ ಸಾಮಾನು ಕೈಗೆ ಸಿಗಬಾರದು. ಮನೆಯಲ್ಲಿ ಗದ್ದಲ, ಜಗಳ ಬೇಡ.

ಗುರುಪಾದ ಎಂಥ ಮನುಷ್ಯನೆಂದರೆ, ಎಳ್ಳಷ್ಟು ಹೇಳಿದರೆ ಗಾಣದಷ್ಟು ಮಾಡುವವ. ಖಾನಾವಳಿಯ ಚಾಕು, ಈಳಿಗೆ, ತುರಿಯುವ ಮಣೆ, ಮುರುಗೆವ್ವನ ಅಡಕತ್ತರಿ ಎಲ್ಲ ಗಲ್ಲಾದೊಳಗೆ ಸೇರಿ ಬೀಗ ಬಿತ್ತು. ಬದನೆಕಾಯಿ ಸೀಳಬೇಕಾದರೆ ಗೌರಿ ಗಂಡನ ಹತ್ತಿರ ಚಾಕು ಕಡ ತರಬೇಕು. ಅವನು ಎದುರೇ ನಿಂತು ವಾಪಸು ತಗೊಳ್ಳುವನು. ಗಿರಾಕಿಗಳ ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಕೊಡುವ ಕೆಲಸ ರಾಮಿಬಾಯಿಗೆ ಬಿತ್ತು. ಸಾಲದೆಂಬಂತೆ, ಊಟದ ವೇಳೆ ಮಾತಾಡಬಾರದು ಎಂದು ಗೋಡೆಗೆ ಬರೆದು ಅಂಟಿಸಿದ. ಸಪ್ನಾ ಬಂದ ದಿನ ಮಧ್ಯಾಹ್ನ ಇಡೀ ಖಾನಾವಳಿ ಸೂತಕದ ಮನೆಯ ಹಾಗೆ ಕೂತು ಉಣ್ಣುತ್ತಿತ್ತು.

ಬಣ್ಣದ ಕಾರ್ಖಾನೆಯ ಹೀರಪ್ಪ ಪಿಸುಮಾತಿನಲ್ಲಿ ಕೇಳಿದ: “ಗುರುಪಾದಣ್ಣಾ, ಯಾರರ ತೀರ್ಕೊಂಡಾರೇನೋ?”

“ಸುಮ್ನ ಉಣ್ಣೋ.”

ಸಪ್ನಾ ಒಳಗಿಂದ ಇದನ್ನೆಲ್ಲ ನೋಡಿದಳು. ಅವ್ವ ಬೆರಳ ತುದಿಯಲ್ಲಿ ನಡೆಯುತ್ತಾಳೆ. ಅಪ್ಪ ಮಗಳನ್ನು ‘ಅವ್ವಾರ, ತಾಯೀ’ ಎಂದು ಮಾತಾಡಿಸುತ್ತಾನೆ. ಊರೆಲ್ಲ ಬೈಯುವ ಆಯಿ ಕೂಡ ಹಲ್ಲು ಕಚ್ಚಿಕೊಂಡು ನಗುತ್ತಾಳೆ.

“ಅಪ್ಪಾ, ವಾರ್ಡಿನ್ಯಾಗ ಇದಕ್ಕಿಂತ ಹೆಚ್ಚ ಗದ್ದಲ ಇರತೈತಿ,” ಎಂದಳು.

“ಹೌದವಾ, ಹೌದು,” ಎಂದ ಗುರುಪಾದ. ಅವಳು ಏನು ಹೇಳಿದರೂ ಹೌದು ಎನ್ನಬೇಕೆಂದು ಅವನು ತಾನೇ ಒಂದು ನಿಯಮ ಮಾಡಿಕೊಂಡಿದ್ದ.

ಮೊದಲ ದಿನ ಬಾಳೆಹಣ್ಣು, ಶೇಂಗಾ. ಎರಡನೆಯ ದಿನವೂ ಅದೇ. ಗೌರಿ ಪ್ರತಿ ಊಟಕ್ಕೂ ತಟ್ಟೆ ಬಡಿಸಿಟ್ಟಳು. ಸಪ್ನಾ ಅದರ ಮುಂದೆ ಕೂತು, ರೊಟ್ಟಿಯ ಚೂರು ಮುರಿದು, ಕೈಯಲ್ಲೇ ಹಿಡಿದುಕೊಂಡು, ಕಣ್ಣು ತುಂಬಿಕೊಂಡು ಕೆಳಗಿಟ್ಟಳು. ಗೌರಿ ತಟ್ಟೆ ಎತ್ತಿಕೊಂಡು ಹೋದಳು. ಮೂರನೆಯ ದಿನ ಬೆಳಿಗ್ಗೆ ಶೇಂಗಾ ಹೊಟ್ಟೆ ಕೆಡಿಸಿ, ಹುಡುಗಿ ಗೋಡೆ ಹಿಡಿದು ನಡೆಯುವ ಹಾಗಾಯಿತು.

ಮುರುಗೆವ್ವ ಲಿಂಗಪೂಜೆ ಮುಗಿಸಿ, ವಿಭೂತಿಯ ಕೈಯಲ್ಲೇ ಹಿತ್ತಲಿಗೆ ಹೋಗಿ, ಪಕ್ಕದ ಅಂಗಡಿಯ ಮೆಹಬೂಬಿಯನ್ನು ಬೇಲಿಯ ಮೇಲಿಂದ ಕೂಗಿದಳು.

“ಮೆಹಬೂಬೀ, ನಾಕ ತತ್ತಿ ಕೊಡವಾ.”

ಮೆಹಬೂಬಿ ತನ್ನ ಕಿವಿಯನ್ನೇ ನಂಬಲಿಲ್ಲ. “ಯಾರಿಗ್ರಿ ಅಮ್ಮಾರ?”

“ನನಗ! ನಿನಗ್ಯಾಕ ಆ ಪಂಚಾಯ್ತಿ?”

ಒಳಗಿಂದ ಗುರುಪಾದ ಓಡಿ ಬಂದ. “ಯವ್ವಾ, ಏನಿದು! ಶ್ರಾವಣ ನಡದೈತಿ. ಬೋರ್ಡಿನ ಮ್ಯಾಲ ಏನ್ ಬರದೈತಿ ನೋಡಿಯಿಲ್ಲ?”

“ಬೋರ್ಡ ಉಪಾಸ ಬಿದ್ದಿಲ್ಲ. ನನ್ನ ಮೊಮ್ಮಗಳು ಬಿದ್ದಾಳ.” ಮುರುಗೆವ್ವ ಹಿತ್ತಲಲ್ಲಿ ಮೂರು ಇಟ್ಟಿಗೆಯ ಒಲೆ ಹೂಡುತ್ತಿದ್ದಳು. “ಶ್ರಾವಣದಾಗ ಗೋವಾದವರು ಮೀನ ಬಿಟ್ಟಾರ, ನಾವು ತತ್ತಿ ಹಿಡದೀವಿ. ನಡೀಲಿ. ಬಸವಣ್ಣ ಕೇಳಿದ್ರ ನಾ ಉತ್ತರಾ ಕೊಡ್ತೀನಿ. ನೀ ಹೋಗಿ ಗಲ್ಲಾದಾಗ ಕುಂದ್ರು.”

ಹಳೆಯ ಡಬರಿಯಲ್ಲಿ ನೀರಿಟ್ಟು, ಸೆರಗಿನ ತುದಿಯಿಂದ ತತ್ತಿ ಹಿಡಿದು, ಮುಖ ಆಚೆ ತಿರುಗಿಸಿ ಒಳಗೆ ಬಿಟ್ಟಳು. ಎಷ್ಟು ಹೊತ್ತು ಕುದಿಸಬೇಕೆಂದು ಗೊತ್ತಿಲ್ಲ. ಕೇಳಲು ಮರ್ಯಾದೆ ಬಿಡದು. ತೊಗರಿಬೇಳೆ ಬೇಯುವಷ್ಟು ಹೊತ್ತು ಕುದಿಸಿದಳು. ಆಮೇಲೆ ಇರಲಿ ಎಂದು ಇನ್ನಷ್ಟು ಹೊತ್ತು.

ಸಪ್ನಾ ಸಿಪ್ಪೆ ಬಿಡಿಸಿ ಕಚ್ಚಿದಳು. ಅಗಿದಳು. ಇನ್ನೂ ಅಗಿದಳು.

“ಆಯಿ, ಇದೇನ್ ತತ್ತೀನೋ, ರಬ್ಬರ ಚಂಡೋ?”

“ನನಗೇನ್ ಗೊತ್ತವಾ, ನಾ ಯಾವಾಗ ತಿಂದೀನಿ?” ಎಂದಳು ಮುರುಗೆವ್ವ ದೈನ್ಯದಿಂದ. ಸಪ್ನಾ ಆಯಿಯ ಹಣೆಯ ವಿಭೂತಿಯನ್ನೂ, ಮಸಿ ಹಿಡಿದ ಡಬರಿಯನ್ನೂ ನೋಡಿದಳು. ನಗು ಬಂತು, ಜೊತೆಗೇ ಅಳು ಬಂತು. ಆಯಿಯ ಭುಜಕ್ಕೆ ತಲೆಯಿಟ್ಟು ಎರಡನ್ನೂ ಮುಗಿಸಿದಳು.

ಹಿತ್ತಲಿನ ನಲ್ಲಿಗೆ ಕೈ ತೊಳೆಯಲು ಬಂದ ಹೀರಪ್ಪನಿಗೆ ಬುಟ್ಟಿಯಲ್ಲಿದ್ದ ತತ್ತಿಯ ಸಿಪ್ಪೆ ಕಂಡಿತು. ಅವನ ಮುಖ ಅರಳಿತು. “ಆಯೀ, ನಾಳಿಂದ ಆಮ್ಲೇಟ ಸುರು ಆಗತೈತೇನ್ರಿ?” ಮುರುಗೆವ್ವ ಉರಿಯುವ ಕೊಳ್ಳಿ ಎತ್ತಿಕೊಂಡಳು. ಹೀರಪ್ಪ ಒದ್ದೆ ಕೈಯಲ್ಲೇ ಓಡಿದ.

ನಾಲ್ಕನೆಯ ದಿನ ಬಂತು. ಮರುದಿನ ಬೆಳಿಗ್ಗೆ ವಾಪಸು ಹೋಗಬೇಕು. ಗೌರಿ ಸದ್ದಿಲ್ಲದೆ ಮಗಳ ಬಟ್ಟೆ ಮಡಿಸಿ ಚೀಲಕ್ಕೆ ತುಂಬಿದಳು. ಗುರುಪಾದ ಒಂದೇ ಗಿರಾಕಿಗೆ ಎರಡು ಸಲ ಚಿಲ್ಲರೆ ಕೊಟ್ಟ. ಉಣ್ಣಲಿಲ್ಲ, ಇನ್ನು ಉಣ್ಣುವುದೂ ಇಲ್ಲ ಎಂದು ಎಲ್ಲರೂ ಒಳಗೊಳಗೇ ಒಪ್ಪಿಕೊಂಡಿದ್ದರು. ಅಂಥ ದಿನವೇ ರಾಮಿಬಾಯಿ, ವಾಳಪೈಯಲ್ಲಿ ತಂಗಿಗೆ ಹೆರಿಗೆ ಆಯಿತೆಂದು ರೊಟ್ಟಿ ಬಡಿಯುವುದನ್ನು ಬಿಟ್ಟು ಬೆಳಗಿನ ಬಸ್ಸು ಹತ್ತಿದ್ದಳು.

ಕಾರ್ಖಾನೆಯಲ್ಲಿ ಹನ್ನೆರಡೂವರೆಯ ಭೋಂಗಾ, ಊಟದ ಸೈರನ್ನು, ಕೂಗಿತು. ಗೇಟಿನಿಂದ ಜನ ನುಗ್ಗಿದರು. ಮುರುಗೆವ್ವ ಒಬ್ಬಳೇ ಬಡಿಯುತ್ತಾಳೆ, ಒಬ್ಬಳೇ ಸುಡುತ್ತಾಳೆ. ರೊಟ್ಟಿಯ ಬುಟ್ಟಿ ತುಂಬುವ ಮೊದಲೇ ಖಾಲಿ. ಗೋಡೆಯ ಮೇಲಿನ ಬರಹವನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ಹಸಿದವರು ತಾಟು ಬಡಿಯತೊಡಗಿದರು.

ಸಪ್ನಾ ಎದ್ದು ಬಂದು, ಕೈ ತೊಳೆದು, ರಾಮಿಬಾಯಿಯ ಮಣೆಯ ಮೇಲೆ ಕೂತಳು. ಹಿಟ್ಟಿನ ಮುದ್ದೆ ಹರಿದುಕೊಂಡು ಬಡಿಯಲು ಶುರುಮಾಡಿದಳು. ಗೌರಿ ಬಾಯಿ ತೆರೆದಳು, ಗುರುಪಾದ ದೂರದಿಂದಲೇ ಬೇಡ ಬೇಡ ಎಂದು ಸನ್ನೆ ಮಾಡಿದ. ಮುರುಗೆವ್ವನಿಗೆ ಯಾರನ್ನೂ ನೋಡಲು ಪುರುಸೊತ್ತಿರಲಿಲ್ಲ. ಪಕ್ಕದಿಂದ ಬಂದ ರೊಟ್ಟಿಯನ್ನು ಹಂಚಿಗೆ ಹಾಕಿದಳು. ಅದು ಉಬ್ಬಲಿಲ್ಲ. ಇನ್ನೊಂದು ಬಂತು, ಅದೂ ಉಬ್ಬಲಿಲ್ಲ. ಮೂರನೆಯದು ಒಂದು ಕಡೆ ಹಪ್ಪಳ, ಇನ್ನೊಂದು ಕಡೆ ಗಾದಿ. ಮುದುಕಿಗೆ ಡಾಕ್ಟರರ ಮಾತೂ ಮರೆತುಹೋಯಿತು, ವಾರ್ಡೂ ಮರೆತುಹೋಯಿತು.

“ಏ ಖೋಡಿ! ಏನಿದು? ರೊಟ್ಟಿ ಬಡೀತೀಯೋ, ಸೆಗಣಿ ಕುಳ್ಳ ತಟ್ಟತೀಯೋ? ಹದಿನೆಂಟ ವರ್ಷದ ಕತ್ತಿ, ಕೈಯಾಗ ಒಂದೀಟ ಹದಾ ಇಲ್ಲ!”

ಗುರುಪಾದ ಗಲ್ಲಾದ ಮೇಲೆಯೇ ಕಣ್ಣು ಮುಚ್ಚಿಕೊಂಡ.

ಸಪ್ನಾ ತಲೆಯೆತ್ತಿದಳು. ನಾಲ್ಕು ದಿನದಿಂದ ಬೆಣ್ಣೆಯ ಮಾತು ಕೇಳಿ ಕೇಳಿ ಸಾಕಾಗಿದ್ದ ಮುಖಕ್ಕೆ ರಕ್ತ ಬಂತು. “ನಿನ್ನ ಹಿಟ್ಟ ಆರೇತಿ ಆಯಿ! ಕುದಿ ನೀರ ಸರಿಯಾಗಿ ಹಾಕಿಲ್ಲ. ಹಿಟ್ಟಿನ ತಪ್ಪಿಗೆ ನನಗ ಬೈತಿ?”

“ನನ್ನ ಹಿಟ್ಟಿಗೆ ಹೆಸರಿಡತೀಯಾ? ಇಲ್ನೋಡು!” ಮುರುಗೆವ್ವ ಮೊಮ್ಮಗಳ ದಪ್ಪ ರೊಟ್ಟಿಯನ್ನು ಹರಿದು ಬಾಯಿಗೆ ಹಾಕಿಕೊಂಡಳು. “ಇದನ್ನ ಅಗೀಬೇಕಂದ್ರ ಎತ್ತಿನ ಹಲ್ಲ ಬೇಕು!”

“ನಿಂದೇನ್ ಭಾರಿ ಆಗೇತೇನು?” ಸಪ್ನಾ ಕೈ ಚಾಚಿ ಆಯಿಯ ಬುಟ್ಟಿಯಿಂದ ಬಿಸಿ ರೊಟ್ಟಿ ಸೆಳೆದು, ಅರ್ಧ ಮುರಿದು, ಎಣಗಾಯಿಯ ಪಾತ್ರೆಗೆ ಅದ್ದಿ ಬಾಯಿಗಿಟ್ಟು, ತುಂಬಿದ ಬಾಯಲ್ಲೇ ಕೂಗಿದಳು: “ನೋಡು, ನಿಂದೂ ಅಂಚು ಹಸೀನ ಐತಿ!”

ಗೌರಿಯ ಕೈಯ ಸೌಟು ಅಲ್ಲೇ ನಿಂತಿತು. ಗುರುಪಾದ ಕಣ್ಣು ಬಿಟ್ಟ. ತಾಟು ಬಡಿಯುತ್ತಿದ್ದ ಹೀರಪ್ಪ ಕೂಡ ಕತ್ತು ಚಾಚಿ ನೋಡಿದ. ತಾನು ಮಾಡಿದ್ದು ಏನೆಂದು ಸಪ್ನಾಳಿಗೂ ಆಗ ಹೊಳೆಯಿತು, ದವಡೆ ನಿಂತಿತು. ಕೈಯಲ್ಲಿದ್ದ ಚೂರನ್ನು ನೋಡಿದಳು. ಉಗುಳುತ್ತಾಳೋ ಏನೋ ಎಂದು ಗೌರಿಯ ಜೀವ ಬಾಯಿಗೆ ಬಂದಿತ್ತು. ಸಪ್ನಾ ನಿಧಾನವಾಗಿ ಮತ್ತೆ ಅಗಿದಳು. ನುಂಗಿದಳು. ಇನ್ನೊಂದು ಚೂರು ಮುರಿದಳು.

ಇಡೀ ಖಾನಾವಳಿಗೆ ತಿಳಿದದ್ದು ಮುರುಗೆವ್ವ ಒಬ್ಬಳಿಗೇ ತಿಳಿದಿರಲಿಲ್ಲ. ಅವಳು ಜಗಳದ ಮೇಲೇ ಇದ್ದಳು. “ಹಸೀ ಅಂತ! ಈ ಗೋವಾಕ್ಕ ಬಂದಾಗಿಂದ ಯಾವ ಮಗನೂ ನನ್ನ ರೊಟ್ಟಿ ಹಸೀ ಐತಿ ಅಂದಿಲ್ಲ. ನೋಡ ಗೌರಿ ನಿನ್ನ ಮಗಳ ಸೊಕ್ಕು! ತಿನ್ನೂದೂ ತಿಂತಾಳ, ಮ್ಯಾಲ ಹೆಸರೂ...”

ಮಾತು ಅರ್ಧಕ್ಕೇ ನಿಂತಿತು. ಮುರುಗೆವ್ವ ಮೊಮ್ಮಗಳ ಬಾಯಿ ನೋಡಿದಳು, ಕೈ ನೋಡಿದಳು, ಸೊಸೆಯ ಮುಖ ನೋಡಿದಳು. ಹಂಚಿನ ಮೇಲೆ ರೊಟ್ಟಿ ಕರಕಲಾಗುತ್ತಿತ್ತು. ಅವಳ ಆಯುಷ್ಯದಲ್ಲಿ ಅಷ್ಟು ದೊಡ್ಡ ಸಂತೋಷ ಬಂದಿರಲಿಲ್ಲ. ಅದನ್ನು ಎಲ್ಲಿಡಬೇಕೋ ತಿಳಿಯದೆ ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡಳು.

“ಆಯಿ, ಇನ್ನೊಂದೀಟ ಪಲ್ಯಾ ಹಾಕು,” ಎಂದಳು ಸಪ್ನಾ.

ಗೌರಿ ತಾಟು ತಂದಳು. ಎಣಗಾಯಿ ಬಿತ್ತು, ಹೆಸರುಕಾಳು ಬಿತ್ತು, ಮೊಸರು ಬಿತ್ತು. ಹೊರಗೆ ಜನಕ್ಕೆ ಹೊತ್ತಾಗುತ್ತಿತ್ತು. ಒಂದು ಗಂಟೆಗೆ ಮತ್ತೆ ಭೋಂಗಾ.

“ಆಯೀ, ನಮಗೂ ರೊಟ್ಟಿ ಬರ್ಲಿ!” ಎಂದು ಕೂಗಿದ ಹೀರಪ್ಪ.

ಗಿರಾಕಿ ಉಂಡು ಎದ್ದ ಮೇಲೆಯೇ ಮನೆಯವರ ಊಟ ಎಂಬುದು ಮುರುಗೆವ್ವನೇ ಹಾಕಿದ ಕಟ್ಟಳೆ. ಗಂಡ ತೀರಿಕೊಂಡ ವರ್ಷವೂ ಅದು ತಪ್ಪಿರಲಿಲ್ಲ. ಅವಳು ಹೊಸ ರೊಟ್ಟಿಯನ್ನು ಹಂಚಿನಿಂದ ತೆಗೆದು ನೇರ ಮೊಮ್ಮಗಳ ತಾಟಿಗೆ ಹಾಕಿ, ಹೊರಗಿನವರಿಗೆ ಕೇಳುವ ಹಾಗೆ ಗಂಟಲು ತೆರೆದಳು.

“ತಡ್ಕೊರ್ರೆಪ್ಪಾ ಎಲ್ಲಾರೂ! ನಮ್ಮ ಹುಡುಗಿ ಉಣ್ಣಾಕತ್ತಾಳ!”